ಐದುನೂರಾ ಒಂದರಿಂದ ಕೆಳಗ

ವಾಡಿ ಜಂಕ್ಷನ್ನಿನ ರೇಲ್ವೆ ಇನ್‌ಸ್ಟಿಟ್ಯೂಟಿನಾಗ
ಕೇರಂ ಮೇಜಿನ ಹಿಂದ, ಫರಸಿ ಕಲ್ಲಿನ ಗ್ವಾಡಿಗಿ
ಒಂದು ಡಾರ್ಟ್ ಬೋರ್ಡ್ ಇತ್ತು. ಯಾರು ತಂದರೋ.
ಬಾಜೂಕ ಸೀಮೆಸುಣ್ಣ ಹಿಡಿದು ನಿಲ್ಲವ ನಮ್ಮಪ್ಪ, ಮಾಪಣ್ಣ.
ಒಗಿಯವ ಲಾಡ್ಲೇಸಾಬ, ಶಂಟಿಂಗ್ ಪೋರ್ಟರ್.

ನಾ ಕಳಿಯುವ ಲೆಕ್ಕ ಕಲ್ತದ್ದು ಸಾಲ್ಯಾಗಲ್ಲ.
ಐದುನೂರಾ ಒಂದು. ಅದರಾಗ ಅರವತ್ತು ಹೋದರ?
ನಾನೂರಾ ನಲವತ್ತೊಂದು. ನೂರಾ ನಲವತ್ತು ಹೋದರ?
ಅಪ್ಪ ಅಂಗಿ ತೋಳಿಲೆ ಒರಸ್ತಿದ್ದ, ಬರೀತಿದ್ದ, ಒರಸ್ತಿದ್ದ.
ಬಾಕಿ ಆಟದಾಗ ಗಳಿಸಿದವ ಗೆಲ್ಲತಾನ,
ಇದರಾಗ ಕಳಕೊಂಡು ಕಳಕೊಂಡು
ಸೊನ್ನಿಗಿ ಮುಟ್ಟಿದವ.

ಈಗ ಸ್ಟೇಷನ್ ರೋಡಿನಾಗ ನಂದೊಂದು ಫ್ಲೆಕ್ಸ್ ಅಂಗಡಿ.
ಜವಳ, ನಿಕಾಹ್, ಅಣ್ಣನ ಬರ್ತಡೇ, ಭಾವಪೂರ್ಣ ಶ್ರದ್ಧಾಂಜಲಿ.
ಇನ್‌ಸ್ಟಿಟ್ಯೂಟಿನ ಹುಡುಗರು ಬಂದರು:
"ಲಾಡ್ಲೇಸಾಬ ಕಪ್ ಇಟ್ಟೀವಿ ಅಕ್ಕಾ.
ಆರು ಬೈ ನಾಲ್ಕು. ಭಾರಿ ಕಾಣಬೇಕು."

ಡಾರ್ಟ್ಸ್ ದಿಗ್ಗಜರ ಚಿತ್ರ ತಗಿಯುವ ಮಾಡೆಲ್ ಒಂದು
ಪುಗಸಟ್ಟೆ ಸಿಕ್ತು. ಯಾವ ದೇಶದ ಯಾವ ಅಭಿಮಾನಿಯೋ
ನಿದ್ದಿಗೆಟ್ಟು ಮಾಡಿದ್ದು. ಹೆಸರು ಬರದು ಒತ್ತಿದೆ.
ಬಂದವ ಕೆಂಪು ಗಲ್ಲದವ, ದೊಡ್ಡ ಹೊಟ್ಟಿ, ಗಿಳಿಹಸರು ಅಂಗಿ.
ಲಾಡ್ಲೇಸಾಬ ಅಂದರ ಅದಕ್ಕ ಗೊತ್ತಿದ್ದದ್ದು
ತಲಿ ಮ್ಯಾಲಿನ ಒಂದು ಟೊಪ್ಪಿಗಿ, ಅಷ್ಟ.

ಆಮ್ಯಾಲ ಅವನವೇ ಫೋಟೋ ಕೂಡಿಸಿದೆ. ಹನ್ನೊಂದು.
ಸೊಲ್ಲಾಪುರದಾಗ ಶೀಲ್ಡ್ ಹಿಡಿದದ್ದು, ರಿಟೈರ್ಮೆಂಟಿನ ಹಾರದ್ದು,
ಮಗಳ ಮದುವಿದು. ಎಲ್ಲಾ ಮಷೀನಿಗಿ ತಿನ್ನಿಸಿದೆ.
ಪರದೆ ಮ್ಯಾಲ ಮೊದಲು ಬರೇ ಧೂಳು.
ಗಾಳಿ ತಿರುಗಿದ ದಿನ ಸಿಮೆಂಟ್ ಫ್ಯಾಕ್ಟರಿ ಕಡಿಂದ ಬರತದಲ್ಲ, ಅಂಥದು.
ಆಮ್ಯಾಲ ಕಳೀತದ. ಕಳೀತದ.
ಮೀಸಿ ಬಂತು. ಖಾಕಿ ಬಂತು.
ಎಡಗಣ್ಣು ಜರಾ ಸಣ್ಣ ಮಾಡುವ ಚಾಳಿ
ನಾ ಹೇಳದನೇ ಬಂತು.

ಕೈ ಬಂತು. ಐದು ಬೆರಳು.

ಎಂಬತ್ತೇಳರಾಗ, ಫರಸಿ ತುಂಬಿದ ಎರಡು ವ್ಯಾಗನ್ ನಡುವ
ಕಪ್ಲಿಂಗ್ ಹಾಕುವಾಗ ಹೋಗಿತ್ತು ಬಲಗೈ ತೋರುಬೆರಳು.
ಹೆಬ್ಬಟ್ಟು, ನಡುಬೆರಳು, ಎರಡರಾಗೇ ಹಿಡಿದು ಒಗಿತಿದ್ದ;
ದೌಂಡದವರು, ಗುಂತಕಲ್ಲದವರು
ಬೋರ್ಡ್ ಬಿಟ್ಟು ಕೈ ನೋಡ್ತಿದ್ದರು.

"ತೋರುಬೆರಳಿಲ್ಲ" ಅಂತ ಬರದೆ. ಆರು ಕೊಡ್ತು.
"ನಾಲ್ಕೇ ಬೆರಳು" ಅಂದೆ. ಎಡಗೈದು ತಗೀತು.
ಫೋಟೋ ಹರವಿಕೊಂಡು ಮತ್ತ ನೋಡಿದೆ, ಹನ್ನೊಂದೂ.
ಬಲಗೈ ಕಿಸೆದಾಗ. ಹಾರದ ಹಿಂದ. ಶೀಲ್ಡಿನ ಹಿಂದ.
ಮೊಮ್ಮಗನ ಕುಂಚಿಗಿ ಕೆಳಗ.
ಮಷೀನಿಂದೇನು ತಪ್ಪು.

ಕಡೀಕ ನಾನೇ ಅಳಿಸಿದೆ, ಗೆಣ್ಣಿನ ತನಕ.

ನಿನ್ನೆ ತೋರಸ್ಲಾಕ ಕರದಿದ್ದೆ.
ಬಂದ. ಸೈಕಲ್ ಸ್ಟ್ಯಾಂಡ್ ಹಾಕಿ, ಕನ್ನಡಕ ಏರಿಸಿ
ತನ್ನ ಮಾರಿ ನೋಡಲಿಲ್ಲ, ಬೋರ್ಡ್ ನೋಡ್ದ.
"ಇಪ್ಪತ್ತರ ಬಾಜೂಕ ಒಂದು, ಈ ಕಡಿ ಐದು ಇರಬೇಕು.
ಇಲ್ಲಿ ಎಂಬತ್ತೊಂಬತ್ತ ಅದ. ನಾ ಎಲ್ಲಿಗಿ ಒಗಿಲಿ, ಬೇಟಿ?"

ನಕ್ಕೆವು. ತಿದ್ದಲಾಕ ಒಂದೊಂದೇ ಹೆಜ್ಜಿ ಹಿಂದ ಹೋದೆ.
ಅಳಿಸಿದ್ದು ತಿರುಗಿ ಬಂತು, ಉಗುರು ಸಮೇತ.

ಮುಚ್ಚಲಾಕ ಹೋದೆ. "ತಡಿ" ಅಂದ.
ಹೊರಗ ಒಂದು ಗೂಡ್ಸ್ ಹಾದು ಹೋಯ್ತು, ಪೂರಾ.
ನಾ ಡಬ್ಬಿ ಎಣಿಸಿದೆ. ಐವತ್ತೆಂಟು.

"ಫ್ಲೆಕ್ಸಿಗಿ ನಾಲ್ಕಿಂದೇ ಹಾಕು, ಹುಡುಗರಿಗಿ ಗೊತ್ತದ.
ಇದು ಮಾತ್ರ ಒಂದು ಪಾಸ್‌ಪೋರ್ಟ್ ಸೈಜಿನಾಗ ಕೊಡು.
ಬರೇ ಕೈ ಸಾಕು."

ತಗದು ಕೊಟ್ಟೆ. ಉಫ್ ಅಂತ ಊದಿ ಒಣಗಿಸಿ
ರೇಲ್ವೆ ಪಾಸಿನ ಹಿಂದ ಇಟ್ಟುಕೊಂಡ.
ಮೂವತ್ತು ರೂಪಾಯಿ. ಬ್ಯಾಡ ಅಂದೆ.
ನೂರರ ನೋಟು ಮೇಜಿನ ಮ್ಯಾಲ ಇಟ್ಟು
ಎಪ್ಪತ್ತು ವಾಪಸ್ ಬರೋ ತನಕ ನಿಂತಿದ್ದ.