ಬಲದ ಎಂಜಿನ್

ಕುರುಮಗಡದ ಆಚೆ, ಡಾಲ್ಫಿನ್ ನೋಡಲು ಹೋದ ಹನ್ನೆರಡು ಮಂದಿಯ ಕೆಳಗೆ
ಬಲದ ಎಂಜಿನ್ ಒಮ್ಮೆ ಕೆಮ್ಮಿ ನಿಂತಿತಂತೆ.
ಎಡದ್ದೊಂದೇ ಎಳೆದು ತಂದಿತು.
ಒಂಟಿ ಎಂಜಿನ್ನಿನ ದೋಣಿ ನೇರ ಬರುವುದಿಲ್ಲ,
ಸತ್ತ ಕಡೆಗೇ ತಿರುಗುತ್ತದೆ.
ಚಕ್ರವನ್ನು ಎಡಕ್ಕೆ ಒತ್ತಿ ಹಿಡಿದೇ ಪರ್ಸು
ಕಾಳಿಯ ಬಾಯಿ ದಾಟಿ ಕೋಡಿಬಾಗಕ್ಕೆ ಮುಟ್ಟಿಸಿದಾಗ
ಅವನ ಮುಂಗೈ ಸೆಟೆದು ಕೊರಡಾಗಿತ್ತು.

"ಇವನೇ ಸುಟ್ಟದ್ದು," ಅಂದರು ಮೋಹಿನಿ ಬಾನಾವಳಿಕರ,
ದೋಣಿಯ ಒಡತಿ, ಛತ್ರಿ ಮಡಚದೆ.
"ಲಿವರ್ ಪೂರಾ ಒತ್ತಿ ಮೆರೆದ. ನಾಳೆಯಿಂದ ಬರುವುದು ಬೇಡ."
ಪರ್ಸು ಲೈಫ್ ಜಾಕೆಟ್ಟುಗಳನ್ನು ಎಣಿಸಿ, ಒಪ್ಪ ಮಾಡಿಟ್ಟು, ಹೋದ.

ನಾನು ಎಣ್ಣೆಯ ಕಡ್ಡಿ ಎಳೆದೆ.
ಕಪ್ಪಿರಬೇಕಾದಲ್ಲಿ ಹಾಲು ಹಾಕಿದ ಚಹಾ.
ಒಂದು ಹನಿ ನಾಲಗೆಗೆ ಮುಟ್ಟಿಸಿ ಉಗಿದೆ,
ಬಸ್ತ್ಯಾಂವ್ ಮೇಸ್ತ್ರಿ ಕಲಿಸಿದ ಕೆಟ್ಟ ಚಾಳಿ.
ಉಪ್ಪಿಲ್ಲ.
ಅಂದರೆ ಕಡಲು ನುಗ್ಗಿದ್ದಲ್ಲ.
ಒಳಗಿನ ನೀರೇ ಒಳಗೆ ಸೋರಿದ್ದು.

ಗೇಜು ಕೂಡಿಸಿ, ಸೆಲ್ಫ್ ಹೊಡಿ ಅಂದೆ ಅಷ್ಪಾಕನಿಗೆ.
ಒಂದು: ನಾನೂರು. ಎರಡು: ಮುನ್ನೂರ ತೊಂಬತ್ತು.
ಮೂರು: ನೂರೆಪ್ಪತ್ತು. ನಾಲ್ಕು: ನೂರ ಅರವತ್ತು.
ಎಡದ ಎಂಜಿನ್ನಿಗೂ ಹಚ್ಚಿ ನೋಡಿದೆ. ಅವಳಿ ಇದ್ದರೆ ಇದೊಂದು ಅನುಕೂಲ,
ಸುಳ್ಳು ಹೇಳದ ಸಾಕ್ಷಿ ಪಕ್ಕದಲ್ಲೇ ಇರುತ್ತದೆ.
ನಾಲ್ಕೂ ನಾನೂರು.
ಅಕ್ಕಪಕ್ಕದ ಎರಡು ಕೋಣೆ ಒಟ್ಟಿಗೆ ಸೋತರೆ
ನಡುಗೋಡೆ ಸುಟ್ಟಿದೆ ಎಂದೇ ಲೆಕ್ಕ.

ಗ್ಯಾಸ್ಕೆಟ್ ಯಾಕೆ ಸುಟ್ಟಿತು? ಕಾವಿಗೆ.
ಕಾವು ಯಾಕೆ ಏರಿತು? ತಣಿಸುವ ನೀರು ಸಾಲದೆ.
ಯಾಕೆ ಸಾಲಲಿಲ್ಲ, ಎನ್ನುತ್ತ ಕೂಲರಿನ ಮುಚ್ಚಳ ಬಿಚ್ಚಿದೆ.
ತಾಮ್ರದ ನಳಿಗೆಗಳ ಬಾಯಿಗೆ ಅಡ್ಡಲಾಗಿ
ಕಪ್ಪು ರಬ್ಬರಿನ ಎರಡು ಎಸಳು.

ಪಂಪಿನೊಳಗಿನ ಇಂಪೆಲ್ಲರ್ ನೋಡಿದೆ: ಆರಕ್ಕೆ ಆರೂ ಇದ್ದವು.
ಅದನ್ನು ನವೆಂಬರಿನಲ್ಲಿ ಹಾಕಿದವನು ನಾನು.
ಹಳೆಯದನ್ನು ಕಿತ್ತು ಬಿಸಾಕಿದವನೂ ನಾನು,
ಅದರಲ್ಲಿ ಎಷ್ಟು ಎಸಳು ಉಳಿದಿದ್ದವೆಂದು ಎಣಿಸದೆ.
ಬಸ್ಸಿಗೆ ಹೊತ್ತಾಗಿತ್ತು.
ಬಸ್ಸೂ ತಪ್ಪಿತ್ತು ಅವತ್ತು.

"ಎಂತದು, ಇನಾಸಣ್ಣ?"
"ಎಂತದಿಲ್ಲ, ಉಪ್ಪಿನ ಹಕ್ಕಳೆ."
ಎರಡನ್ನೂ ಬೆಂಕಿಪೊಟ್ಟಣದಲ್ಲಿಟ್ಟು ಕಿಸೆಗೆ ಹಾಕಿಕೊಂಡೆ.

ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತಿದೆವು.
ಮೂರನೆಯ ಪಿಸ್ಟನ್ ಮೈಗೆ ಬೆಕ್ಕು ಪರಚಿದ ಗೀರು,
ಬೇರಿಂಗುಗಳು ಸವೆದು ಒಳಗಿನ ತಾಮ್ರ ಕಾಣುತ್ತಿತ್ತು.
ಕ್ರ್ಯಾಂಕ್ ಅಂಕೋಲೆಯ ಲೇತಿಗೆ ಹೋಗಿ ಬಂತು,
ಹೊಸ ಸ್ಲೀವ್ ಮಡಗಾಂವಿನಿಂದ, ಎರಡು ದಿನ ತಡವಾಗಿ.
ವಾಲ್ವುಗಳನ್ನು ಅಷ್ಪಾಕ ಅಂಗೈಗಳ ನಡುವೆ ಕಡೆದ,
ಮಜ್ಜಿಗೆ ಕಡೆದ ಹಾಗೆ, ಸದ್ದು ನುಣ್ಣಗಾಗುವವರೆಗೆ.
ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತು,
ಟಾರ್ಕ್ ಪಾನಾ ಟಕ್ ಅನ್ನುವವರೆಗೆ.
ಬಗ್ಗಿದಾಗೆಲ್ಲ ಕಿಸೆಯಲ್ಲಿ ಪೊಟ್ಟಣ ಒತ್ತುತ್ತಿತ್ತು.
ಹೊಳೆಯ ಆಚೆ ದಡಕ್ಕೆ ಕತ್ತಲಾದರೆ ದೇವಗಡದ ದೀಪ
ಬಂದು ನೋಡಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಬೈತಖೋಲದಲ್ಲಿ ಪರ್ಸು ಐಸು ಹೊರುತ್ತಿದ್ದಾನೆಂದು
ಒಂಬತ್ತನೆಯ ದಿನ ಯಾರೋ ಅಂದರು.
ಅಂದೇ ಸಂಜೆ ಒಡತಿಯ ಲೆಕ್ಕದ ಪುಸ್ತಕದ ಮೇಲೆ
ಪೊಟ್ಟಣ ತೆರೆದಿಟ್ಟೆ.
"ಇದು ಪರ್ಸುವಿನದಲ್ಲ. ನನ್ನದು."
ಅವರು ಎಸಳನ್ನು ಮಡಚಿ ನೋಡಿದರು. ಅದಿನ್ನೂ ಬಳುಕುತ್ತಿತ್ತು.
"ಯಾವಾಗ ಗೊತ್ತಾಯಿತು?"
"ಎರಡನೆಯ ದಿನ."
ಪೆನ್ನಿನ ಮುಚ್ಚಳ ಹಾಕಿದರು.
"ಕೂಲಿ ಕೊಡುವುದಿಲ್ಲ. ಅವನನ್ನು ನೀವೇ ಕರೆತನ್ನಿ."

ಕರೆತಂದೆ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.
ಅಳಿವೆ ದಾಟಿದ ಮೇಲೆ ಎರಡೂ ಲಿವರ್ ಮುಂದೆ ದೂಡಿದ.
ಸುತ್ತು ಹೊಂದದ ಎರಡು ಎಂಜಿನ್ನುಗಳ ಸದ್ದು
ವಾಂ... ವಾಂ... ಎಂದು ಏರಿ ಇಳಿಯುತ್ತಿತ್ತು.
ಕಿವಿ ಕೊಟ್ಟು, ಬಲದ ಲಿವರನ್ನು ಕೂದಲೆಳೆಯಷ್ಟು ಹಿಂದೆ ತಂದ.
ಏರಿಳಿತ ನಿಂತು ಒಂದೇ ಸದ್ದಾಯಿತು.
ಚಕ್ರ ಬಿಟ್ಟು ಎರಡೂ ಕೈ ತೊಡೆಗೆ ಒರೆಸಿಕೊಂಡ.
ದೋಣಿ ನೇರವಾಗಿ ಹೋಗುತ್ತಿತ್ತು.
ಅವನು ನನ್ನ ಕಡೆ ತಿರುಗಲಿಲ್ಲ.