ಮುಟ್ಟಿದ ಮಗ್ಗುಲು

ಹುಳ ಅಂದರೆ ಹುಳವೇ. ಕೊಳೆತ ಸೇಬಿನದ್ದು,
ಅಲ್ಪವಿರಾಮದಷ್ಟು ಉದ್ದ.
ಅದರ ಮೊಟ್ಟೆಯ ಚಿಪ್ಪು ಕರಗಿಸಿ
ನಾಲ್ಕು ಕೋಶಗಳನ್ನು ಬಿಡಿಸುವುದು ನನ್ನ ಕೆಲಸ,
ಪೋರ್ಟೊದಲ್ಲಿ, ಎರಡನೇ ಮಹಡಿ, ರಾತ್ರಿ ಪಾಳಿ.
ಉಸಿರಿನಲ್ಲೇ ಎಳೆದು ಬಿಡುವ ಗಾಜಿನ ನಳಿಗೆ,
ಕೂದಲಿಗಿಂತ ಸಪೂರ.

"ಈ ಬೆರಳು ಎಲ್ಲಿ ಕಲಿತವು, ದೆಯೊಲಿಂದಾ?"
ಮೊದಲ ದಿನವೇ ಕೇಳಿದ್ದರು ಡಾಕ್ಟರ್ ಕಿತೇರಿಯಾ.
ಲೇಸು ಹೆಣೆಯುವ ದಿಂಬಿನ ಮೇಲೆ, ಅಂದೆ,
ವಿಲಾ ದೊ ಕೊಂದ್‌ನಲ್ಲಿ.
ಅಜ್ಜಿಯ ಬಲಕ್ಕೆ ನಾನು, ಎಡಕ್ಕೆ ಎರ್ಮೆಲಿಂದ,
ನನಗಿಂತ ಎಂಟು ನಿಮಿಷ ಹಿರಿಯಳು.
ಅಜ್ಜಿಯ ಬಲಗಿವಿ ಕಿವುಡು.
ಹೇಳುವುದನ್ನೆಲ್ಲ ಎಡಕ್ಕೇ ವಾಲಿ ಹೇಳುತ್ತಿದ್ದಳು.

ನಾಲ್ಕರಲ್ಲಿ ಹಿಂಬದಿಯ ಪುಟ್ಟದೊಂದು
ಪಕ್ಕದವಳಿಗೆ ಆತು ಕೂತಿರುತ್ತದೆ, ಮೈಗೆ ಮೈ.
ಆ ಗಡಿಯಲ್ಲೇ ಏನೋ ದಾಟುತ್ತದೆ:
ಪಿಸುಮಾತಿನಷ್ಟೇ ದೂರ ಹೋಗುವ ಪ್ರೋಟೀನು.
ಕೇಳಿಸಿಕೊಂಡವಳು
ಒಳಗಿನ ಕದಿರನ್ನು ಅತ್ತ ತಿರುಗಿಸಿ ನೆಟ್ಟು
ಎರಡಾಗುತ್ತಾಳೆ. ಸರಿಸಮ ಅಲ್ಲ.
ಮುಟ್ಟಿದ ಮಗ್ಗುಲಿನ ಮಗಳು ಹೊಟ್ಟೆ;
ಇಡೀ ಹುಳದ ಕರುಳು ಅವಳೊಬ್ಬಳ ಸಂತಾನ.
ಆಚೆಯವಳು ಗಂಟಲು, ಸ್ನಾಯು, ಚೂರುಪಾರು.

ಬೇಗ ಬಿಡಿಸಿಬಿಟ್ಟರೆ?
ಇಬ್ಬರೂ ಗಂಟಲೇ.
ನುಂಗಬಹುದು. ಇಳಿಯಲು ತಾವಿಲ್ಲ.

ಊರು ಬಿಟ್ಟದ್ದು ಹೊಟ್ಟೆಪಾಡಿಗೆ ಅಂದುಕೊಂಡಿದ್ದೆ.
ಹೊಟ್ಟೆಕಿಚ್ಚು ಅಂದಳು ಎರ್ಮೆಲಿಂದ,
ಅಜ್ಜಿಯ ದಿಂಬು, ನೂರಹನ್ನೆರಡು ಕಡ್ಡಿಗಳ ಸಮೇತ
ಅವಳ ಪಾಲಿಗೆ ಹೋದ ದಿನ.
ಆರು ವರ್ಷ ಆಯಿತು.
ಮೆಟ್ರೋದಲ್ಲಿ ಒಂದು ಗಂಟೆಯ ದಾರಿ.

ನಿನ್ನೆ ಸಂಜೆ ಆ ಪುಟ್ಟದ್ದನ್ನು ಕಿತ್ತು
ಆಚೆ ಮಗ್ಗುಲಿಗೆ ತಂದು ಒತ್ತಿ ಹಿಡಿದೆ.
ಹಿಂದೆಲ್ಲ ತಡವಾಗಿತ್ತು,
ಕೋಶ ಆಗಲೇ ಮನಸ್ಸು ಗಟ್ಟಿಮಾಡಿಕೊಂಡಿತ್ತು.
ಈ ಸಲ ಗಡಿಯಾರ ನೋಡಲಿಲ್ಲ.
ಕದಿರು ಮೆಲ್ಲಗೆ ತಿರುಗಿತು,
ನಿದ್ದೆಯಲ್ಲಿ ಮಗು ಮಗ್ಗುಲು ಬದಲಿಸಿದಂತೆ.

ಬೆಳಗಿನ ಜಾವ ಸೂಕ್ಷ್ಮದರ್ಶಕದ ದೀಪ ಹೊರಳಿಸಿದಾಗ
ಹೊಸ ಬದಿಯಲ್ಲಿ ಹೊಟ್ಟೆಯ ಕಣಗಳು ಮಿನುಗುತ್ತಿದ್ದವು,
ಸಂತೆಕಲ್ಲಿಗೆ ಅಂಟಿದ ಸಾರ್ಡೀನಿನ ಹುರುಪೆಯಂತೆ.
ಪುಸ್ತಕದಲ್ಲಿ ಬರೆದೆ:
ಮೊಟ್ಟೆ ಮೂವತ್ತೊಂದು. ಹೊಟ್ಟೆ, ಉಂಟು. ಬದಿ, ಬೇರೆ.

ಮನುಷ್ಯರು ಕೋಶಗಳಲ್ಲ,
ಹೋಲಿಕೆ ಹುಡುಕಬೇಡ, ಎನ್ನುತ್ತಾರೆ ಕಿತೇರಿಯಾ.
ಹುಡುಕುತ್ತಿಲ್ಲ. ಕೋಟು ಹುಡುಕುತ್ತಿದ್ದೇನೆ.
ಮೊದಲ ಮೆಟ್ರೋಗೆ ಇನ್ನು ಹತ್ತು ನಿಮಿಷ.

ಅವಳು ಬಾಗಿಲ ಬೆಳಕಿಗೆ ಬೆಂಚು ಎಳೆದು ಕೂತಿರುತ್ತಾಳೆ.
'ಹೊಟ್ಟೆಗೆ ಹಾಕಿಕೋ' ಅನ್ನಬೇಕು.
ಗಂಟಲಲ್ಲೇ ಸಿಕ್ಕಿಕೊಂಡರೆ
ಭುಜಕ್ಕೆ ಭುಜ ತಾಗಿಸಿ ಕೂತುಬಿಡುತ್ತೇನೆ,
ಕಡ್ಡಿಗಳ ಟಕಟಕ
ನಿಲ್ಲಲಿ, ನಿಲ್ಲದಿರಲಿ.