ಬಾಗಿಲು ಬಡಿದವನು

ಸಿನಿಮಾದಲ್ಲಿ ಇಬ್ಬರೇ.
ಒಬ್ಬ ಗೂಢಚಾರ, ಅವನನ್ನು ಅಡಗಿಸಿಟ್ಟ ಒಬ್ಬಳು.
ಒಂದು ಕೋಣೆ, ಒಂದು ಸ್ಟೌ, ಕರಕರ ಅನ್ನೋ ರೇಡಿಯೊ,
ಹೊರಗೆಲ್ಲೋ ಯುದ್ಧ.

ಊರಿಗಾಂನ ಹಳೇ ಸಾಹೇಬರ ಬಂಗಲೆಯಲ್ಲಿ ಹದಿನೇಳು ದಿನ ಶೂಟಿಂಗು.
ಕಿಟಕಿಯಾಚೆಯ ಸೈನೈಡ್ ದಿಬ್ಬಕ್ಕೆ ದೀಪ ಬಿಟ್ಟು
ಹಿಮದ ಬೆಟ್ಟ ಮಾಡಿದರು.
ಗಾಳಿಗೆ ಆ ಧೂಳೆದ್ದರೆ ನಾವು ಕೆಮ್ಮುವವರು;
ಅವರು ಚಪ್ಪಾಳೆ ತಟ್ಟಿದರು:
ಹಿಮ ಬೀಳ್ತಿದೆ, ಬಿಡಬೇಡಿ, ತೆಗೀರಿ!

ನನ್ನನ್ನು ಕರೆದದ್ದು ಬಾಗಿಲು ಬಡಿಯೋಕೆ.
ಮುಖ ಬೇಡ, ಹೆಸರು ಬೇಡ, ಬೆರಳ ಗೆಣ್ಣು ಸಾಕು,
ದಿನಕ್ಕೆ ನಾನೂರು, ಮೇಲೆ ಊಟ.
ಶಾಫ್ಟಿನ ಬಾಯಲ್ಲಿ ಇಪ್ಪತ್ತಾರು ವರ್ಷ
ಗಂಟೆ ಹೊಡೆದವನು ನಾನು.
ಒಂದು ಹೊಡೆದರೆ ನಿಲ್ಲು,
ಇಷ್ಟು ಹೊಡೆದರೆ ಆಳುಗಳಿದ್ದಾರೆ, ಮೆಲ್ಲಗೆ.
ಎಣಿಕೆ ತಪ್ಪಿದರೆ ಹಗ್ಗದ ತುದಿಯಲ್ಲಿ ಜೀವ.
ಸಂಕೇತ ಯಾರಿಗೆ ಕಲಿಸ್ತೀರಿ, ಸ್ವಾಮಿ.

"ಹಿಡಿಯೋಕೆ ಬಂದ ಸೈನಿಕನ ಹಾಗೆ ಬಡಿ" ಅಂದರು.
ಬಡಿದೆ.
ಒಳಗೆ ಅವಳು ಅವನ ತೋಳು ಬಿಡಿಸಿಕೊಂಡು
ಬೆಚ್ಚಿ, ಗೋಡೆಗೆ ಒರಗಬೇಕು.
ಎದ್ದಳು. ಸೀದಾ ಬಂದು ಚಿಲಕ ತೆಗೆದುಬಿಟ್ಟಳು.
ಕಟ್!
ಮತ್ತೆ ಬಡಿದೆ. ಮತ್ತೆ ಅವಳ ಕೈ ಚಿಲಕಕ್ಕೇ ಹೋಯಿತು.
ಐದನೇ ಸಲ ಹಣೆ ಒರೆಸಿಕೊಂಡು ಅಂದಳು:
"ಇದು ಮನೆಗೆ ಬಂದವರ ಸದ್ದು ಸಾರ್.
ನನಗೆ ಭಯಾನೇ ಬರ್ತಿಲ್ಲ."

ಏನು ಮಾಡಲಿ.
ರಾತ್ರಿ ಪಾಳಿ ಮುಗಿಸಿ, ಲೇನಿನವರು ಏಳದ ಹಾಗೆ,
ಎರಡು ಬಿಡಿ, ತಡೆದು, ಒಂದು
ಮರಗದಂಗೆ ಅಂತ ಕೈ ಕಲಿತದ್ದು
ಗಣಿ ಮುಚ್ಚಿದ ಮೇಲೂ ಕೈಯಲ್ಲೇ ಉಳಿದಿದೆ.
ಅವಳು ಒಂದು ದಿನವೂ ‘ಯಾರು’ ಅಂದವಳಲ್ಲ.

ನಾನೂರು ಕೊಟ್ಟು ಕಳಿಸಿದರು.
ಸದ್ದನ್ನು ಮದ್ರಾಸಿನಲ್ಲಿ ಬೂಟುಗಾಲಿಂದ ಒದ್ದು
ಸೇರಿಸಿಕೊಂಡರಂತೆ.

ರಾಬರ್ಟ್‌ಸನ್‌ಪೇಟೆಗೆ ಬಂತು. ಎರಡನೇ ಆಟ, ಬಾಲ್ಕನಿ.
ಒಂದೇ ಕಂಬಳಿಯೊಳಗೆ ಇಬ್ಬರೂ ನಮ್ಮ ದಿಬ್ಬದ ಹಿಮ ನೋಡುತ್ತ ಕೂತಾಗ
ಬಾಗಿಲು ಧಡಧಡ ಅಂತು.
ಥಿಯೇಟರೇ ಬೆಚ್ಚಿತು.
ಮರಗದಂ ಮಾತ್ರ ಕಡಲೆಕಾಯಿ ಸುಲಿಯುತ್ತ
"ಇದು ನಿಂದಲ್ಲ" ಅಂದಳು.
ಅಷ್ಟೇ. ಸಿನಿಮಾ ಪೂರ್ತಿ ಮತ್ತೆ ಮಾತಿಲ್ಲ.

ಮನೆಗೆ ಬಂದಾಗ ಹನ್ನೆರಡೂವರೆ.
ಒಳಗೆ ಯಾರೂ ಇಲ್ಲ. ಬೀಗದಕೈ ಅವಳ ಸೊಂಟದಲ್ಲಿ.
ಆದರೂ ಬಡಿದೆ.
ಎರಡು ಬಿಡಿ. ತಡೆದೆ. ಒಂದು.

ಪಕ್ಕದಲ್ಲೇ ನಿಂತವಳು
ಬೀಗದಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು
"ಯಾರು?" ಅಂದಳು.

ಮೂವತ್ತೆರಡು ವರ್ಷದಲ್ಲಿ ಮೊದಲ ಸಲ.
ಏನು ಹೇಳಬೇಕೋ ತೋಚದೆ
ಕೆಮ್ಮಿದೆ.